ಡೀಸೆಲ್ ದುಡ್ಡು

ಇಂಗ್ಲೆಂಡಿಗೆ ಬಂದ ಮೊದಲ ಚಳಿಗಾಲದಲ್ಲಿ ನಮ್ಮಲ್ಲಿ ಹೆಚ್ಚಿನವರು ಕೋಟು, ಪಾತ್ರೆ ಕೊಂಡಿದ್ದು ಹಾಸ್ಪಿಸ್‌ನವರು ನಡೆಸುವ ಹಳೇ ಸಾಮಾನಿನ ಅಂಗಡಿಯಲ್ಲಿ. ಅಗ್ಗ ಅಂತ ಹೋದ್ವಿ, ಅಷ್ಟೇ. ಹಾಸ್ಪಿಸ್ ಅಂದ್ರೆ ಏನು ಅಂತ ಯಾರೂ ಕೇಳಿರಲಿಲ್ಲ.

ಕಳೆದ ವರ್ಷ ಗೊತ್ತಾಯ್ತು. ನಮ್ಮ ಜೊತೆ ಮನೆ ಹಂಚಿಕೊಂಡಿರುವ ಗೆಳೆಯನ ಅಜ್ಜನಿಗೆ ಬಾಯಿ ಕ್ಯಾನ್ಸರ್. ಹಾವೇರಿ ಜಿಲ್ಲೆಯ ಹಳ್ಳಿ. ದೊಡ್ಡಾಸ್ಪತ್ರೆಯವರು "ಇನ್ನ ಏನೂ ಮಾಡಾಕ ಆಗೂದಿಲ್ಲ, ಮನಿಗೆ ಕರಕೊಂಡು ಹೋಗ್ರಿ" ಅಂದರಂತೆ. ರಾತ್ರಿ ವಿಡಿಯೋ ಕಾಲ್‌ನಲ್ಲಿ ಅವರ ನರಳಾಟ ನಮ್ಮ ಅಡುಗೆಮನೆ ತನಕ ಕೇಳಿಸ್ತಿತ್ತು. ನಾವು ಒಲೆ ಆರಿಸಿ ಸುಮ್ಮನೆ ನಿಂತುಬಿಡ್ತಿದ್ವಿ.

ಆಮೇಲೆ ಯಾರೋ ಹೇಳಿ, ಮನೆಮನೆಗೆ ಹೋಗಿ ಇಂಥವರನ್ನು ನೋಡಿಕೊಳ್ಳುವ ಪುಟ್ಟ ತಂಡವೊಂದರ ನರ್ಸಕ್ಕ ಬಂದರು. ಗಾಯ ತೊಳೆದು ಕಟ್ಟೋದನ್ನ ಗೆಳೆಯನ ಅವ್ವನಿಗೆ ಕಲಿಸಿದರು. ಡಾಕ್ಟರು ಬರೆದುಕೊಟ್ಟ ಮಾರ್ಫಿನ್ ಮಾತ್ರೆ ಕೊಟ್ಟರು. ಮೂರನೇ ದಿನ ಅಜ್ಜ ನಿದ್ದೆ ಮಾಡಿದರು. ಕಾಯಿಲೆ ವಾಸಿಯಾಗಲಿಲ್ಲ, ನೋವು ತಗ್ಗಿತು. ಕೊನೆಗೆ ತಮ್ಮದೇ ಪಡಸಾಲೆಯಲ್ಲಿ, ಮನೆಮಂದಿ ನಡುವೆ ಹೋದರು.

ಮಾರ್ಫಿನ್ ಮಾತ್ರೆ ದುಬಾರಿ ಅಲ್ಲ. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಅದು ಸಿಗೋದೇ ಕಷ್ಟವಿತ್ತು. 2014ರ ತಿದ್ದುಪಡಿ ದಾರಿ ಸಲೀಸು ಮಾಡಿತು. ಆದರೆ ಹಳ್ಳಿಯ ಮನೆ ತನಕ ಅದನ್ನು ಯಾರಾದರೂ ಒಯ್ಯಬೇಕಲ್ಲ!

ರಾಜ್ಯೋತ್ಸವಕ್ಕೆ ಮುಂಚೆ ಸಭೆ ಸೇರಿದಾಗ ನಮ್ಮ ಉತ್ಸಾಹ ಜೋರಾಗಿತ್ತು. ಆ ತಂಡಕ್ಕೆ ಆಕ್ಸಿಜನ್ ಮಷೀನ್ ಕೊಡಿಸೋಣ, ಮೇಲೆ ಸಂಘದ ಹೆಸರು ಹಾಕಿಸೋಣ ಅಂತ ಮಾತಾಯ್ತು. ನರ್ಸಕ್ಕನಿಗೆ ಫೋನ್ ಮಾಡಿದ್ವಿ. "ತಮ್ಮಾ, ಮಷೀನ್ ಬ್ಯಾಡ. ಗಾಡಿಗೆ ಡೀಸೆಲ್ ಹಾಕಸ್ರಿ. ಈಗ ಒಬ್ಬೊಬ್ರ ಮನಿಗೆ ಹದಿನೈದು ದಿನಕ್ಕೊಮ್ಮೆ ಹೊಂಟೀವಿ. ನೋವು ಹದಿನೈದು ದಿನ ಕಾಯ್ತದೇನು?" ಅಂದರು. ನಮಗೆ ನಾಚಿಕೆಯಾಯ್ತು. ಡೀಸೆಲ್ ಮೇಲೆ ಯಾರ ಹೆಸರೂ ಬರೆಯೋಕಾಗಲ್ಲ.

ಇಂಥ ಕೆಲಸ ನಿಂತಿರೋದೇ ಸಣ್ಣ ದುಡ್ಡಿನ ಮೇಲೆ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಶುರುವಾದ ನೋವು ನಿವಾರಣೆಯ ಕೆಲಸ ಕೇರಳದ ಹಳ್ಳಿಗಳಿಗೆ ಹಬ್ಬಿದ್ದು ಅಕ್ಕಪಕ್ಕದವರೇ ಸ್ವಯಂಸೇವಕರಾಗಿ, ಮನೆಮನೆಯಿಂದ ಚಿಲ್ಲರೆ ಕಾಸು ಕೂಡಿಸಿದ್ದರಿಂದ. ಇಲ್ಲಿ ಇಂಗ್ಲೆಂಡಿನಲ್ಲೂ ಹಾಸ್ಪಿಸ್‌ಗಳ ಖರ್ಚಿನಲ್ಲಿ ಸರ್ಕಾರ ಕೊಡೋದು ಸುಮಾರು ಮೂರನೇ ಒಂದು ಭಾಗ. ಉಳಿದದ್ದು ದೇಣಿಗೆ, ಮತ್ತು ನಾವು ಕೋಟು ಕೊಂಡ ಅಂಗಡಿಗಳು.

ಇನ್ನೊಂದು ತೊಡಕಿತ್ತು. ಸಂಘದ ಹೆಸರಲ್ಲಿ ದುಡ್ಡು ಕಳಿಸಬೇಕಾದ್ರೆ ಅಲ್ಲಿನವರಿಗೆ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಇರಬೇಕು, ಆ ತಂಡಕ್ಕೆ ಇಲ್ಲ. ಭಾರತದ ಪಾಸ್‌ಪೋರ್ಟ್ ಇರೋರು ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಹಾಗಾಗಿ ಹನ್ನೊಂದು ಜನ ತಿಂಗಳ ಮೊದಲ ವಾರ ನಮ್ಮ ನಮ್ಮ ಖಾತೆಯಿಂದಲೇ ಕಳಿಸ್ತೀವಿ. ಪಾರ್ಟ್‌ಟೈಮ್ ಕೆಲಸದ ದುಡ್ಡು, ದೊಡ್ಡ ಮೊತ್ತವೇನಲ್ಲ. ಗಾಡಿ ಈಗ ವಾರಕ್ಕೊಮ್ಮೆ ಹೋಗುತ್ತೆ. ಗೆಳೆಯನ ಅವ್ವ ಕೆಲವು ಸಲ ಜೊತೆಗೆ ಹೋಗಿ, ತಾವು ಕಲಿತದ್ದನ್ನು ಪಕ್ಕದೂರಿನ ಹೆಣ್ಣುಮಕ್ಕಳಿಗೆ ಹೇಳಿಕೊಡ್ತಾರೆ.

ನಮ್ಮಲ್ಲಿ ಮೂವರು ಈ ಬೇಸಿಗೆಗೆ ಓದು ಮುಗಿಸಿ ಹೊರಡ್ತಾರೆ. ಹೊಸದಾಗಿ ಬಂದಿರೋರೇ, ಆ ಮೂರು ಜಾಗ ಖಾಲಿ ಇರೋದು ಬೇಡ.