ಹಲಗೆಯಿಂದ ಉದುರಿದ ಶಂಕರಪೋಳಿ

ಡೊಂಬಿವಲಿಯಿಂದ ಠಾಣೆಗೆ ಹೋಗುವ ಸ್ಲೋ ಲೋಕಲ್ಲಿನಲ್ಲಿ ಕಿಟಕಿ ಸಿಗುವುದು ಪೂರ್ವಜನ್ಮದ ಪುಣ್ಯ. ನನಗೆ ಸಿಗುವುದು ಯಾರದೋ ಬ್ಯಾಗಿನ ಕೆಳಗಿನ ಸಂದು. ಮುಂಬ್ರಾ ಹತ್ತಿರ ಅದರಲ್ಲೇ ಕತ್ತು ತೂರಿಸಿ ಖಾಡಿ, ಅಂದರೆ ಕಡಲ ಹಿನ್ನೀರು, ನೋಡುತ್ತೇನೆ. ನೀರು ಇಳಿದ ಹೊತ್ತಾದರೆ ಕೆಸರಲ್ಲೊಂದು ಕಾಲುವೆ, ಅದಕ್ಕೊಂದು ಮರಿ, ಮರಿಗೊಂದು ಪಿಳ್ಳೆ. ಅಳತೆಕೋಲು ಚಿಕ್ಕದಾದಷ್ಟೂ ಕರಾವಳಿ ಉದ್ದವಾಗುತ್ತದೆ ಅಂತ ಮಂಡೆಲ್‌ಬ್ರಾಟ್ 1967ರಲ್ಲಿ ಬ್ರಿಟನ್ನನ್ನು ಮುಂದಿಟ್ಟು ಬರೆದ. ನನಗದು ಅರ್ಥವಾದದ್ದು ಈ ಸಂದಿನಲ್ಲಿ.

ಅಂಥ ದಡದಂತೆ ಅಂಚಿರುವ ಜಿಗ್ಸಾ ತುಂಡುಗಳ ನಕ್ಷೆ ಬಿಡಿಸುವುದು ನನ್ನ ಭಾನುವಾರದ ಚಟ. ವಿಧಾನ ಸ್ವೀಡನ್ನಿನ ಹೆಲ್ಗೆ ಫಾನ್ ಕೋಕ್ 1904ರಲ್ಲಿ ಕೊಟ್ಟದ್ದು: ಗೆರೆಯನ್ನು ಮೂರು ಪಾಲು ಮಾಡಿ, ನಡುವಿನದನ್ನು ಅಳಿಸಿ, ಅಲ್ಲಿ ಅಷ್ಟೇ ಉದ್ದದ ಎರಡು ಗೆರೆಗಳ ಗುಡಾರ ಹಾಕಬೇಕು. ಈಗ ನಾಲ್ಕು ಗೆರೆ. ನಾಲ್ಕಕ್ಕೂ ಮತ್ತೆ ಅದೇ ಉಪಚಾರ. ನನ್ನ ಕಿತಾಪತಿಯೆಂದರೆ, ಗುಡಾರ ಯಾವ ಪಕ್ಕಕ್ಕೆ ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸುವುದು. ಎರಡು ಸುತ್ತಿಗೆ ಐದು ಟಾಸ್, 32 ಬಗೆಯ ಅಂಚು.

ಗಣಿತ ಹೀಗೇ ಅನಂತದವರೆಗೂ ಹೋಗಬಹುದು. ಮೂರು ಮಿಲಿಮೀಟರ್ ಎಂಡಿಎಫ್ ಹಲಗೆ ಬಿಡಬೇಕಲ್ಲ! 30 ಮಿಲಿಮೀಟರ್ ಗೆರೆ ಮೊದಲ ಸುತ್ತಿಗೆ 10ರ ತುಂಡಾಗುತ್ತದೆ, ಎರಡಕ್ಕೆ 3.3, ಮೂರಕ್ಕೆ 1.1. ಆ ಹಲ್ಲು ಉಗುರು ತಾಗಿದರೆ ಮುರಿಯುತ್ತದೆ. ಹಲಗೆ ಕತ್ತರಿಸುವ ಲೇಸರ್ ಬೇರೆ ತನ್ನ ಪಾಲೆಂದು ಒಂದಿಷ್ಟು ಸುಟ್ಟು ತಿನ್ನುತ್ತದೆ. ಎರಡಕ್ಕೇ ನಿಲ್ಲಿಸಿದೆ.

ಮೊದಲ ಹಲಗೆ ಕತ್ತರಿಸಿದ್ದು ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಅಂಗಡಿಯಲ್ಲಿ. ಹುಡುಗ ಹಲಗೆ ಎತ್ತಿದ್ದೇ ತಡ, ಜರಜರ ಅಂತ ಏನೋ ಉದುರಿತು. ಅಂಚು ಕಪ್ಪಗಾದ ಪುಟ್ಟ ವಜ್ರಾಕಾರಗಳು. ಥೇಟ್ ಶಂಕರಪೋಳಿ, ಸ್ವಲ್ಪ ಸೀದದ್ದು. ಅವನು ಆರಿಸಿ, ಕಾಗದದಲ್ಲಿ ಕಟ್ಟಿ, "ಕಾಕಾ, ಹೇ ಪಣ ಘ್ಯಾ" (ಇದನ್ನೂ ತಗೊಳ್ಳಿ) ಎಂದು ಕೈಗಿತ್ತ. ಇದೂ ಆಟದ್ದೇ ಎಂದುಕೊಂಡಿದ್ದನೋ ಏನೋ. ನಾನು ತಿದ್ದಲಿಲ್ಲ.

ಮನೆಗೆ ಬಂದು ಗೆರೆ ಎಳೆದು ನೋಡಿದೆ. ದೊಡ್ಡ ಗುಡಾರದ ಎರಡು ಇಳಿಜಾರಿನ ಮೇಲೂ ಮರಿ ಗುಡಾರ ಒಳಮುಖವಾಗಿ ಬಿದ್ದರೆ ಅವುಗಳ ತುದಿಗಳು ಸರಿಯಾಗಿ ಒಂದೇ ಬಿಂದುವಿನಲ್ಲಿ ಮುತ್ತಿಡುತ್ತವೆ. ಮೇಲಿನ ಮೂಲೆ ನಾಲ್ಕೂ ಬದಿ 3.3ರ ಚೂರಾಗಿ ಕಳಚಿಕೊಳ್ಳುತ್ತದೆ. ನಾಲ್ಕರಲ್ಲಿ ಒಂದು ಸಲ ಆಗಲೇಬೇಕಾದದ್ದು. ನಾಣ್ಯದ ಮೇಲೆ ಭಾರ ಹಾಕಿದವನಿಗೆ ಇಷ್ಟು ಲೆಕ್ಕ ಹೊಳೆಯಬಾರದೆ? ಎರಡೂ ಒಟ್ಟಿಗೆ ಒಳಗೆ ತಿರುಗಬಾರದೆಂಬ ನಿಯಮ ಸೇರಿಸಿದೆ. 32 ಬಗೆ 24ಕ್ಕಿಳಿಯಿತು. ಮುಂದಿನ ಹಲಗೆಯಿಂದ ಮಸಿ ಬಿಟ್ಟರೆ ಬೇರೇನೂ ಉದುರಲಿಲ್ಲ.

ಸ್ಪಿಲ್ಸ್‌ಬರಿ ಎಂಬವನು 1760ರ ದಶಕದಲ್ಲಿ ಲಂಡನ್ನಿನಲ್ಲಿ ಭೂಪಟವನ್ನು ಮರಕ್ಕಂಟಿಸಿ, ದೇಶಗಳ ಗಡಿಗುಂಟ ಕೊಯ್ದು, ಜೋಡಿಸುವ ಆಟವಾಗಿ ಮಕ್ಕಳಿಗೆ ಮಾರುತ್ತಿದ್ದ. ಎರಡಕ್ಕೇ ನಿಲ್ಲಿಸಿದ ನನ್ನಂತೆ ಅವನೂ ಎಷ್ಟು ಸಣ್ಣ ಕೊಲ್ಲಿಗೆ ಕಣ್ಣು ಮುಚ್ಚಿಕೊಂಡನೋ!

ಮೊದಲ ಹಲಗೆಯನ್ನು ಎಸೆದಿಲ್ಲ. ಒಂದು ರಾತ್ರಿ ಕರೆಂಟು ಹೋದಾಗ ಮೊಬೈಲಿನ ಬೆಳಕಲ್ಲಿ ಪೊಟ್ಟಣ ಬಿಚ್ಚಿ, ಚೂರುಗಳನ್ನು ಚಿಮುಟದಿಂದ ಹಿಡಿದು ಮತ್ತೆ ತೂತುಗಳಿಗೆ ಕೂರಿಸತೊಡಗಿದೆ. ಇಡೀ ಹಲಗೆಯಲ್ಲಿ ಒಂದಕ್ಕೊಂದು ತದ್ರೂಪಾಗಿದ್ದವು ಅವೇ. ಯಾವುದನ್ನು ಯಾವ ತೂತಿಗಿಟ್ಟರೂ ತಕರಾರಿಲ್ಲದೆ ಕೂತವು.