ಎಲ್ಲರೂ ಪೇಟಿಗೆ ಬರಬೇಕು

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯ ಮೇಲೆ ಸಾಲಾಗಿ ಕೂತ ಊರುಗಳು. ಹೊರಗಿನವರಿಗೆ ಸಿಂಧನೂರೆಂದರೆ ಭತ್ತ, ಮಸ್ಕಿಯೆಂದರೆ 1915ರಲ್ಲಿ ಸಿಕ್ಕ ಅಶೋಕನ ಶಾಸನ, ಲಿಂಗಸುಗೂರೆಂದರೆ ಹಟ್ಟಿಯ ಚಿನ್ನದ ಗಣಿ, ಮುದಗಲ್ಲಿನ ಕೋಟೆ. ಆದರೆ ಸುಗ್ಗಿ ಮುಗಿದ ಮೇಲೆ ರಾತ್ರಿ ಬಸ್ಸಿನಲ್ಲಿ ಈ ದಾರಿ ಹಿಡಿದವರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ. ಅಲ್ಲಲ್ಲಿ ದೀಪದ ಸರ, ಪೆಂಡಾಲು, ಧ್ವನಿವರ್ಧಕ. ಒಂದೂರಲ್ಲಿ ಜಾತ್ರೆಯ ನಾಟಕ, ಮುಂದಿನೂರಲ್ಲಿ ಮದುವೆಯ ರಸಮಂಜರಿ, ಅದರಾಚೆ ಬೆಳತನಕ ಭಜನೆ.

ಈ ರಾತ್ರಿಗಳ ಸಲಕರಣೆಯೆಲ್ಲ ಹಗಲಲ್ಲಿ ಎಲ್ಲಿರುತ್ತದೆ? ಒಂಬತ್ತನೇ ತರಗತಿಗೆ ‘ಶಬ್ದ’ದ ಪಾಠ ಮುಗಿಸಿದ ವಾರ, ನಾಲ್ವರು ವಿದ್ಯಾರ್ಥಿಗಳೊಂದಿಗೆ ಸಿಂಧನೂರಿನ ಒಂದು ಮನೆಗೆ ಹೋಗಿದ್ದೆ. ಮನೆಯ ಯಜಮಾನರು ಮೂವತ್ತು ವರ್ಷಗಳಿಂದ ರಸಮಂಜರಿಗಳಲ್ಲಿ ಗಿಟಾರ್ ನುಡಿಸುವವರು. “ಹೆಸರು ಹಾಕಬ್ಯಾಡ್ರಿ ಸರ್, ಸಾಲ ಕೊಟ್ಟವರೂ ಪೇಪರ್ ಓದತಾರ” ಎಂದು ನಕ್ಕರು. ಊರವರು ಕರೆಯುವಂತೆ ಗಿಟಾರ್ ಮಾಸ್ತರು ಎಂದೇ ಇಲ್ಲಿ ಕರೆಯುತ್ತೇನೆ.

ಹತ್ತಡಿ ಅಗಲದ ಕೋಣೆ. ಗೋಡೆಗೆ ಮೂರು ಗಿಟಾರು. ನೆಲದ ಮೇಲೆ ಅಹುಜಾ ಆಂಪ್ಲಿಫೈಯರು, ಎಂಟು ಚೌಕದ ರಿದಮ್ ಪ್ಯಾಡು, ಹಳೆಯ ಕ್ಯಾಸಿಯೊ ಕೀಬೋರ್ಡು, ಬಟ್ಟೆ ಹೊದಿಸಿದ ತಬಲಾ ಜೋಡಿ. ಮೂಲೆಯಲ್ಲಿ, ಕೋಣೆಯ ಹಿರಿಯನಂತೆ, ಒಂದು ಕಾಲುಪೇಟಿ. ಕಾಲಿನಿಂದ ಗಾಳಿ ಒತ್ತಿ ಎರಡೂ ಕೈಯಿಂದ ನುಡಿಸುವ ಹಾರ್ಮೋನಿಯಂ ಅದು. ಮಾಸ್ತರರ ತಂದೆ ನಾಟಕದ ಪೇಟಿ ಮಾಸ್ತರಾಗಿದ್ದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ಪುಟ್ಟರಾಜ ಗವಾಯಿಗಳ ಕಾಲದಲ್ಲಿ ಕಲಿತವರು. ಆ ಆಶ್ರಮದಿಂದ ಬಂದ ವಿದ್ಯೆ ನಮ್ಮ ಭಾಗದ ಎಷ್ಟು ಹಳ್ಳಿಗಳ ರಂಗಸಜ್ಜಿಕೆಗೆ ಅನ್ನ ಹಾಕಿದೆಯೋ!

ಮಕ್ಕಳ ಕಣ್ಣು ಮೊದಲು ಹೋದದ್ದು ಗಿಟಾರಿನ ಮೇಲೆ, ಸಹಜವೇ. ಒಂದು ಕಲ್ಕತ್ತೆಯ ಗಿವ್‌ಸನ್. ಕಡಿಮೆ ಬೆಲೆಯ ವಾದ್ಯ, ಭಾರತದ ಎಷ್ಟೋ ಹುಡುಗರ ಮೊದಲ ಗಿಟಾರು. ರಾಜನ್–ನಾಗೇಂದ್ರರ ಹಾಡುಗಳಲ್ಲಿ ಬರುವ ತುಣುಕುಗಳನ್ನು ಟೇಪ್ ತಿರುಗಿಸಿ ತಿರುಗಿಸಿ ಇದರ ಮೇಲೆಯೇ ಕಲಿತರಂತೆ. ಒಬ್ಬ ಹುಡುಗನಿಗೆ ಸ್ಕೇಲ್ ಕೊಟ್ಟು ತಂತಿಯನ್ನು ಅಳೆಯಲು ಹೇಳಿದೆ. ಸುಮಾರು 65 ಸೆಂಟಿಮೀಟರ್ ಬಂತು. ಹನ್ನೆರಡನೆಯ ಮೆಟ್ಟಿನವರೆಗೆ ಅದರ ಅರ್ಧ. ಅಲ್ಲಿ ಒತ್ತಿ ಮೀಟಿದಾಗ ಅದೇ ಸ್ವರ ಮೇಲಿನ ಸಪ್ತಕದಲ್ಲಿ ಬಂತು. ತಂತಿ ಅರ್ಧವಾದರೆ ಆವೃತ್ತಿ ಇಮ್ಮಡಿ ಎಂದು ಕರಿಹಲಗೆಯ ಮೇಲೆ ಎಷ್ಟು ಬರೆದರೂ ಅರಳದ ಮುಖ ಅಲ್ಲಿ ಅರಳಿತು.

ಎಲೆಕ್ಟ್ರಿಕ್ ಗಿಟಾರಿನ ಚೀಲದಲ್ಲಿ ನಾವು ನಿರೀಕ್ಷಿಸದ ಮೂರು ವಸ್ತುಗಳಿದ್ದವು: ಒಂದು ಕಬ್ಬಿಣದ ಸಲಾಕೆ, ಉದ್ದನೆಯ ವೈರು, ಟೆಸ್ಟರು. ಈ ಗಿಟಾರಿನ ತಂತಿಯ ಕೆಳಗೆ ಅಯಸ್ಕಾಂತವೂ ಸುರುಳಿಯೂ ಇರುತ್ತವೆ. ಉಕ್ಕಿನ ತಂತಿ ನಡುಗಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡದ್ದು ಇದನ್ನೇ. ಆದರೆ ಹಳ್ಳಿಯ ವೇದಿಕೆಯಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಕೈಯಲ್ಲಿ ಗಿಟಾರ್, ತುಟಿಗೆ ಮೈಕು, ನಡುವೆ ಮೈಯೇ ತಂತಿ! ಮಾಸ್ತರು ಮೊದಲು ವೇದಿಕೆಯ ಪಕ್ಕ ಸಲಾಕೆ ಬಡಿಯುತ್ತಾರೆ, ಎರಡು ಕೊಡ ನೀರು ಸುರಿಸುತ್ತಾರೆ, ಟೆಸ್ಟರು ಹಿಡಿದು ನೋಡುತ್ತಾರೆ. ಆಮೇಲೆಯೇ ಶ್ರುತಿ. “ನೀರು ತರೂತನಕ ನಾ ಸ್ಟೇಜ್ ಹತ್ತಂಗಿಲ್ರಿ, ಗೌಡ್ರು ಬಂದ್ರೂ ಅಷ್ಟ.” ಅವರ ಸಂಗ್ರಹದಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು ಈ ಸಲಾಕೆ.

ತಬಲಾದ ಕಪ್ಪು ಶಾಯಿಯ ಬಗ್ಗೆ ಸಿ.ವಿ. ರಾಮನ್ 1920ರಲ್ಲಿಯೇ ಬರೆದಿದ್ದಾರೆ. ಬರಿಯ ಚರ್ಮದಿಂದ ಗದ್ದಲ ಮಾತ್ರ ಬರುತ್ತದೆ. ನಡುವೆ ಭಾರ ಮೆತ್ತಿದಾಗಲೇ ಅದು ತಂತಿಯಂತೆ ಸ್ವರ ಹೇಳುತ್ತದೆ. ನಮ್ಮ ತಬಲಾ ಕುಶಲಕರ್ಮಿಗಳು ಸಮೀಕರಣವಿಲ್ಲದೆ ಮಾಡಿದ ಕೆಲಸ.

ಬೇಸಿಗೆಯ ಜಾತ್ರೆಯಲ್ಲಿ ಏನಾಗುತ್ತದೆ ಕೇಳಿ. ನಮ್ಮ ಕಡೆ ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ, ಸಂಜೆಗೂ ನೆಲ ಕಾದೇ ಇರುತ್ತದೆ. ಮಸ್ಕಿಯ ಮಲ್ಲಿಕಾರ್ಜುನನ ಗುಡ್ಡದ ಕೆಳಗೆ ವೇದಿಕೆ, ಮೇಲೆ ಹ್ಯಾಲೋಜನ್ ದೀಪ. ಒಣ ಬಿಸಿಗೆ ತಬಲಾದ ಚರ್ಮ ಬಿಗಿದು ಸ್ವರ ಏರುತ್ತದೆ. ಅದೇ ಬಿಸಿಗೆ ಉಕ್ಕಿನ ತಂತಿ ಹಿಗ್ಗಿ ಗಿಟಾರಿನ ಸ್ವರ ಇಳಿಯುತ್ತದೆ. ಒಬ್ಬ ಮೇಲೆ, ಒಬ್ಬ ಕೆಳಗೆ. ತಬಲಾಕ್ಕೆ ಸುತ್ತಿಗೆಯಿದೆ, ಗಿಟಾರಿಗೆ ಕಿವಿಯಿದೆ, ತಿರುವಿ ಸರಿ ಮಾಡಬಹುದು. ಪೇಟಿಗೆ ಅಂಥದ್ದೇನೂ ಇಲ್ಲ. ಅದರೊಳಗಿನ ಹಿತ್ತಾಳೆಯ ರೀಡುಗಳನ್ನು ವೇದಿಕೆಯ ಮೇಲೆ ಮುಟ್ಟುವಂತಿಲ್ಲ. ಆದ್ದರಿಂದ “ಎಲ್ಲಾರೂ ಪೇಟಿಗೆ ಬರಬೇಕ್ರಿ” ಎಂಬುದು ಅವರ ತಂದೆ ಹಾಕಿಕೊಟ್ಟ ಕಾಯ್ದೆ.

ಈ ಪೇಟಿ ನಮ್ಮದಲ್ಲ ಎಂಬುದನ್ನು ಮಕ್ಕಳು ನಂಬಲಿಲ್ಲ. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನಲ್ಲಿ ಅಲೆಕ್ಸಾಂಡ್ರೆ ಡಿಬೈನ್ ಇದಕ್ಕೆ ಪೇಟೆಂಟ್ ಪಡೆದ. ಕಲ್ಕತ್ತೆಯ ದ್ವಾರಕಾನಾಥ ಘೋಷ್ 1875ರ ಸುಮಾರಿಗೆ ನೆಲದ ಮೇಲೆ ಕೂತು ನುಡಿಸುವ ಕೈಪೇಟಿ ಮಾಡಿದರು. ಆಕಾಶವಾಣಿ ಮಾತ್ರ 1940ರಿಂದ 1971ರವರೆಗೆ ಇದನ್ನು ಹೊರಗಿಟ್ಟಿತ್ತು. ಇದರ ಸ್ವರಗಳು ನಮ್ಮ ಸಂಗೀತಕ್ಕೆ ಹೊಂದುವುದಿಲ್ಲ ಎಂಬುದು ಒಂದು ಆಕ್ಷೇಪವಾಗಿತ್ತು. ಸುಳ್ಳೇನಲ್ಲ. ಷಡ್ಜ 240 ಇದ್ದರೆ ಹಾಡುವವರ ಕಿವಿ ಬಯಸುವ ಗಾಂಧಾರ 300. ಹನ್ನೆರಡು ಸಮಭಾಗ ಮಾಡಿದ ಪೇಟಿಯಲ್ಲಿ ಅದು 302ಕ್ಕೂ ಸ್ವಲ್ಪ ಹೆಚ್ಚು. ಎರಡನ್ನೂ ಕೂಡಿ ನುಡಿಸಿದರೆ ದನಿ ಸೆಕೆಂಡಿಗೆ ಎರಡು ಮೂರು ಸಲ ಉಬ್ಬಿ ಇಳಿಯುತ್ತದೆ. ನಮ್ಮ ಪುಸ್ತಕದಲ್ಲಿ ಇದಕ್ಕೆ ವಿಸ್ಪಂದ ಎಂದು ಹೆಸರು.

ತಂದೆ ಇದಕ್ಕೆ ಸುಮ್ಮನೆ ಕೂರಲಿಲ್ಲ. ಒಂದು ಷಡ್ಜವನ್ನು ಹಿಡಿದು ಪೇಟಿಯ ಗಾಂಧಾರವನ್ನು ಕಿವಿಯಿಂದಲೇ ಇಳಿಸಿದರು. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ತುದಿ ಹಗುರಾದರೆ ಬೇಗ ನಡುಗುತ್ತದೆ, ಬುಡ ತೆಳುವಾದರೆ ಬಿಗುವು ತಗ್ಗುತ್ತದೆ. ಅತಿಯಾಗಿ ಕೆರೆದರೆ ರೀಡು ಸೀಳುತ್ತದೆ. ಗಿಟಾರಿನ ಮೆಟ್ಟುಗಳು ಸಮಭಾಗದವೇ ಆದ್ದರಿಂದ ಮಗನಿಗೆ ಒಂದು ಇಕ್ಕಟ್ಟು. “ಪೇಟಿ ಜೊತಿ ಕುಂತ್ರ ಸಾ-ಪಾ ಬಿಟ್ಟು ಹೊರಗ ಹೋಗಂಗಿಲ್ರಿ. ಗಾ ಅಪ್ಪಂದು.”

ಈಗ ಆ ಪೇಟಿ ಮಾರಾಟದ ಮಾತಿನಲ್ಲಿದೆ. ಬೆಂಗಳೂರಿನ ಒಂದು ಹೋಟೆಲಿನವರು ಬಾಗಿಲ ಬಳಿ ಅಲಂಕಾರಕ್ಕೆ ಇಡಲು ಕೇಳಿದ್ದಾರೆ. ಹೊಸ ಕೀಬೋರ್ಡು ಕೊಂಡು ಇನ್ನೂ ಉಳಿಯುವಷ್ಟು ಹಣ. ರಸಮಂಜರಿಗೆ ಕರೆಯುವವರು ಈಗ ಒಬ್ಬ ಹಾಡುಗಾರ, ಒಂದು ಪೆನ್‌ಡ್ರೈವ್ ಸಾಕೆನ್ನುತ್ತಾರೆ. ಮಗಳು ಪಿಯುಸಿ ವಿಜ್ಞಾನದಲ್ಲಿದ್ದಾಳೆ, ಕೋಚಿಂಗ್ ಶುಲ್ಕ ಕಟ್ಟಬೇಕು. “ಇವಕ್ಕೆಲ್ಲ ಧೂಳು ಒರಿಸೋದ ಆತ್ರಿ ನನ್ನ ಜೀವನ” ಎಂದು ಚಹಾ ತಂದಿಟ್ಟ ತಾಯಿಯ ಮಾತಿನಲ್ಲಿಯೂ ನ್ಯಾಯವಿತ್ತು. ವಾದ್ಯ ಹಿಡಿದರೆ ಓದು ಕೆಡುತ್ತದೆ ಎಂದು ನನ್ನ ಬಳಿ ದೂರು ತರುವ ಪಾಲಕರಿಗೆ ನಾನು ಧೈರ್ಯವಾಗಿ ಉತ್ತರ ಕೊಡುತ್ತೇನೆ. ಆ ತಾಯಿಯ ಮುಂದೆ ಮಾತ್ರ ಚಹಾ ಕುಡಿದು ಸುಮ್ಮನಿದ್ದೆ.

ಮಾಸ್ತರು ಮಾರುವುದಿಲ್ಲ ಎಂದಿಲ್ಲ. ಮಾರುವುದಾದರೂ ಬೇಸುರಾದ ಪೇಟಿ ಕೊಡುವುದಿಲ್ಲ ಎಂಬುದಷ್ಟೇ ಅವರ ಹಟ. ಇಲಿ ಕಡಿದ ತಿದಿಗೆ ಹೊಸ ಚರ್ಮ ಅಂಟಿಸಿದ್ದಾರೆ. ಹಾಳಾದ ರೀಡುಗಳಿಗೆ ಬದಲಿಯಾಗಿ ಗುಜರಾತಿನ ಪಾಲಿಟಾಣಾದ ರೀಡು ತರಿಸಿದ್ದಾರೆ. ಅವನ್ನು ಕೂಡಿಸಿ ಕೆರೆಯುವ ಕೆಲಸ ಮಗಳದು, ಓದಿನ ನಡುವೆ ಬಿಡುವಾದಾಗ. ಲಿಂಗಸುಗೂರಿನ ಕಡೆಯ ಒಂದು ಭಜನಾ ಮೇಳದವರು ಆಗಲೇ ತಮ್ಮ ಕೈಪೇಟಿಯನ್ನೂ ಅವಳ ಮುಂದೆ ತಂದಿಟ್ಟು ಹೋಗಿದ್ದರು.

ನಾವಿದ್ದಾಗಲೇ ಒಂದು ರೀಡು ಸಿದ್ಧವಾಯಿತು. ನನ್ನ ವಿದ್ಯಾರ್ಥಿಯೊಬ್ಬ ಮೊಬೈಲಿನ ಶ್ರುತಿ ನೋಡುವ ಆ್ಯಪ್ ಹಿಡಿದ. ಗಾಂಧಾರ ಒತ್ತಿದಾಗ ಮುಳ್ಳು ನಡುವೆ ನಿಂತಿತು, ಹಸಿರು ದೀಪ ಬಂತು. “ಸರಿ ಐತಿ ಅಕ್ಕಾ!” ಎಂದ. ಅವಳು ಷಡ್ಜವನ್ನೂ ಸೇರಿಸಿ ಒತ್ತಿ, ತಲೆ ಬಗ್ಗಿಸಿ ಕೇಳಿದಳು. ಗೋಡೆಗೊರಗಿ ಕೂತಿದ್ದ ಅಪ್ಪ ಏನೂ ಹೇಳಲಿಲ್ಲ. ರೀಡನ್ನು ಮತ್ತೆ ಬಿಚ್ಚಿ, ಬುಡದ ಕಡೆ ಅರ ಇಟ್ಟು ಎರಡು ಸಲ ಮೆಲ್ಲಗೆ ಎಳೆದಳು.