ಅಮೃತೂರಿನಲ್ಲಿ ಕೇಳಿದ ಕಾಲ್ಚೆಂಡಿನ ಕಥೆ

ಎಡೆಯೂರಿನ ಸಿದ್ಧಲಿಂಗೇಶ್ವರನ ದರ್ಶನಕ್ಕೆಂದು ಬೆಂಗಳೂರಿನಿಂದ ಹೊರಡುವ ಯಾತ್ರಿಕರು ಕುಣಿಗಲಿನ ದೊಡ್ಡ ಕೆರೆಯನ್ನು ಕಣ್ತುಂಬ ನೋಡಿ, ಹೆದ್ದಾರಿಯಲ್ಲಿಯೇ ನೆಟ್ಟಗೆ ಸಾಗಿಬಿಡುವುದು ವಾಡಿಕೆ. ಒಳದಾರಿಯನ್ನು ಹಿಡಿದು ಅಮೃತೂರಿಗೆ ಬರುವವರು ವಿರಳ. ನಾವು ಬಂದದ್ದು ಬಂಧುಗಳ ಮನೆಯ ಗೃಹಪ್ರವೇಶಕ್ಕಾಗಿ. ಊರು ಹೋಬಳಿಯ ಮುಖ್ಯಸ್ಥಳ. ಸುತ್ತಲೂ ತೆಂಗಿನ ತೋಟಗಳು, ರಾಗಿಯ ಹೊಲಗಳು. ಊರಿನ ಹೆಸರಿನಲ್ಲಿರುವ ಅಮೃತವು ಈಗ ಎಳನೀರಿನ ರೂಪದಲ್ಲಿ ದೊರೆಯುವುದೆಂಬುದು ನಮ್ಮ ಅನುಭವ.

ಊಟವಾದ ಮೇಲೆ ನೆರೆಮನೆಯ ಹಿರಿಯರೊಬ್ಬರು ನಮ್ಮನ್ನು ಮಾರ್ಕೋನಹಳ್ಳಿಯ ಜಲಾಶಯಕ್ಕೆ ಕರೆದೊಯ್ದರು. ದೇವರಾಯನದುರ್ಗದ ಸೀಮೆಯಲ್ಲಿ ಹುಟ್ಟಿ ಕಾವೇರಿಯನ್ನು ಸೇರುವ ಶಿಂಷಾ ನದಿಗೆ ಕಟ್ಟಿದ ಅಣೆಕಟ್ಟು ಇದು. ಇದರ ವೈಶಿಷ್ಟ್ಯವೆಂದರೆ ಸ್ವಯಂಚಾಲಿತವಾದ ಸೈಫನ್. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ಬಾಗಿದ ದಾರಿಯೊಳಗಿನ ಗಾಳಿ ಹೊರಬಿದ್ದು, ಹೆಚ್ಚಿನ ನೀರು ತನ್ನಷ್ಟಕ್ಕೆ ತಾನೇ ಎಳೆಯಲ್ಪಟ್ಟು ಕೆಳಕ್ಕೆ ಧುಮುಕುವುದು. ಬಾಗಿಲನ್ನೆತ್ತುವ ಕಾವಲುಗಾರನ ಅವಶ್ಯಕತೆಯಿಲ್ಲ. ಇದನ್ನು ವಿವರಿಸಿದ ಆ ಹಿರಿಯರು ಒಂದು ಕ್ಷಣ ಸುಮ್ಮನಿದ್ದು, "ನಮ್ಮ ತಂಡವು ಕೆಳಕ್ಕೆ ಹೋದದ್ದೂ ಹೀಗೆಯೇ ಸ್ವಾಮಿ. ಬಾಗಿಲನ್ನು ಯಾರೂ ತೆರೆಯಲಿಲ್ಲ, ನೀರು ಹೋಯಿತು" ಎಂದರು.

ನಮಗೆ ಅರ್ಥವಾಗಲಿಲ್ಲ. ಕೇಳಲಾಗಿ, ಅವರು ಬೆಂಗಳೂರಿನ ಎಚ್.ಎ.ಎಲ್. ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಮರಳಿದವರೆಂದೂ, ತಂಡವೆಂದರೆ ಆ ಕಾರ್ಖಾನೆಯ ಕಾಲ್ಚೆಂಡಿನ ತಂಡವೆಂದೂ ತಿಳಿಯಿತು.

ವಾಚಕರಲ್ಲಿ ಕ್ರಿಕೆಟ್ಟನ್ನೇ ಆಟವೆಂದು ತಿಳಿದವರು ಹೆಚ್ಚಾಗಿರಬಹುದಾದುದರಿಂದ ಎರಡು ಮಾತು ಹೇಳಬೇಕಾಗಿದೆ. ಕಾಲ್ಚೆಂಡಿನಲ್ಲಿ ಬೆಂಗಳೂರು ಹಿಂದಿನಿಂದಲೂ ಹೆಸರುವಾಸಿಯಾದ ಊರು. 1937ರಲ್ಲಿಯೂ 1938ರಲ್ಲಿಯೂ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೆದ್ದು ತಂದವರು ಬೆಂಗಳೂರು ಮುಸ್ಲಿಮ್ಸ್ ತಂಡದವರು. ಸ್ವಾತಂತ್ರ್ಯಾನಂತರ ಐ.ಟಿ.ಐ., ಎಚ್.ಎ.ಎಲ್. ಮೊದಲಾದ ಕಾರ್ಖಾನೆಗಳು ಆಟಗಾರರಿಗೆ ಉದ್ಯೋಗವನ್ನು ಕೊಟ್ಟು ತಂಡಗಳನ್ನು ಸಾಕಿದುವು. 2007ರಲ್ಲಿ ಪ್ರಾರಂಭವಾದ ಐ-ಲೀಗ್ ಎಂಬ ರಾಷ್ಟ್ರೀಯ ಸ್ಪರ್ಧೆಯಲ್ಲಿ ಒಂದು ನಿಯಮವಿದ್ದಿತು: ವರ್ಷಾಂತ್ಯದಲ್ಲಿ ಕಡೆಯ ಸ್ಥಾನಗಳವರು ಕೆಳದರ್ಜೆಗೆ ಇಳಿಯಬೇಕು, ಕೆಳದರ್ಜೆಯಲ್ಲಿ ಗೆದ್ದವರು ಏರಬೇಕು. ಇಂಗ್ಲೆಂಡಿನಲ್ಲಿ ಈ ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಳಕೆಗೆ ಬಂದಿದ್ದಿತು. ಎಚ್.ಎ.ಎಲ್. ತಂಡವು 2010ರಲ್ಲಿ ಹೀಗೆ ಏರಿ, ಮೊದಲ ವರ್ಷ ಹೇಗೋ ಉಳಿದುಕೊಂಡಿತು. ಆ ವರ್ಷ ಇಳಿದವರಲ್ಲಿ ಪಂಜಾಬಿನ ಜೆ.ಸಿ.ಟಿ. ಒಂದು; 1996-97ರ ಪ್ರಪ್ರಥಮ ರಾಷ್ಟ್ರೀಯ ಲೀಗನ್ನು ಗೆದ್ದ ಆ ಸಂಘವೇ ಇಳಿದು, ಬಾಗಿಲನ್ನೂ ಮುಚ್ಚಿಕೊಂಡಿತು.

2011-12ರ ಸರದಿ ಎಚ್.ಎ.ಎಲ್.ನದಾಯಿತು. ಹದಿನಾಲ್ಕು ತಂಡಗಳು, ಒಬ್ಬೊಬ್ಬರಿಗೆ ಇಪ್ಪತ್ತಾರು ಪಂದ್ಯಗಳು. ಇತರ ಸಂಘಗಳವರು ಪರದೇಶದ ಆಟಗಾರರನ್ನು ಹಣಕೊಟ್ಟು ಕರೆತಂದರು; ಗೋವೆಯ ಡೆಂಪೋ ಪರವಾಗಿ ಆಡಿದ ನೈಜೀರಿಯಾದ ರಾಂಟಿ ಮಾರ್ಟಿನ್ಸ್ ಎಂಬಾತನೊಬ್ಬನೇ ಆ ವರ್ಷ 32 ಗೋಲುಗಳನ್ನು ಹೊಡೆದನು, ಪ್ರಶಸ್ತಿಯೂ ಡೆಂಪೋವಿಗೇ ಸಂದಿತು. ಕಾರ್ಖಾನೆಯ ತಂಡದಲ್ಲಿದ್ದವರು ಸ್ವದೇಶದವರು, ಸಂಬಳಕ್ಕೆ ದುಡಿಯುವವರು.

"ಮಧ್ಯಾಹ್ನ ಊಟದ ಸಾಲಿನಲ್ಲಿ ನಮ್ಮ ಹಿಂದೆ ನಿಂತಿದ್ದ ಹುಡುಗ ಸಾಯಂಕಾಲ ಅಶೋಕನಗರದ ಮೈದಾನದಲ್ಲಿ ಅಂಥವರನ್ನು ತಡೆಯಬೇಕಾಗಿದ್ದಿತು" ಎಂದರು ಹಿರಿಯರು. "ಸೋತಾಗ ಬೈಯುವುದಾದರೂ ಹೇಗೆ? ಮರುದಿನ ಅವನ ಮುಖವನ್ನು ನೋಡಬೇಕಲ್ಲ." ಕಲ್ಕತ್ತೆಯ ತಂಡಗಳು ಬಂದ ದಿನ ಬೆಂಗಳೂರಿನಲ್ಲಿ ನೆಲಸಿದ ಬಂಗಾಳಿಗಳೇ ಮೈದಾನವನ್ನು ತುಂಬಿ, ಸ್ವಂತ ಊರಿನಲ್ಲಿಯೇ ತಾವು ಅತಿಥಿಗಳಂತೆ ಮೂಲೆಯಲ್ಲಿ ಕುಳಿತಿದ್ದರಂತೆ. ಕಡೆಗೆ ಎಚ್.ಎ.ಎಲ್.ನೊಡನೆ ಕೇರಳದ ಚಿರಾಗ್ ಯುನೈಟೆಡ್ ಸಂಘವೂ ಇಳಿಯಿತು.

ಸ್ವರ್ಗದಿಂದ ಬಿದ್ದ ಯಯಾತಿಯ ಕಥೆ ನಮಗೆ ನೆನಪಾಯಿತು. ಆದರೆ ಯಯಾತಿ ಬಿದ್ದದ್ದು ಗರ್ವದಿಂದ. ಈ ಹುಡುಗರಿಗೆ ಗರ್ವಪಡಲು ಏನಿದ್ದಿತು? ಮತ್ತೆ ಯಯಾತಿಯನ್ನು ಮೇಲಕ್ಕೆತ್ತಲು ಪುಣ್ಯವನ್ನು ಧಾರೆಯೆರೆವ ಮೊಮ್ಮಕ್ಕಳಿದ್ದರು.

ಸಂಜೆ ಜಗಲಿಯಲ್ಲಿ ಈ ಮಾತು ಮುಂದುವರಿದಾಗ ಹಿರಿಯರ ಭಾವಮೈದುನರೂ ಬಂದು ಕುಳಿತರು. ಅವರೂ ಅದೇ ಕಾರ್ಖಾನೆಯವರು. ಇಬ್ಬರೊಳಗೆ ಹಳೆಯದೊಂದು ವೈಮನಸ್ಯವಿರುವುದು ಸ್ವಲ್ಪ ಹೊತ್ತಿನಲ್ಲಿಯೇ ಗೊತ್ತಾಯಿತು. ಹಿರಿಯರು ಆ ಕೆಟ್ಟ ವರ್ಷ ಬೆಂಗಳೂರಿನಲ್ಲಿ ನಡೆದ ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲ. ಆದರೆ 2013ರಲ್ಲಿ ಬೆಂಗಳೂರು ಎಫ್.ಸಿ. ಎಂಬ ಹೊಸ ಸಂಘ ಹುಟ್ಟಿ, ಅದೇ ಅಶೋಕನಗರದ ಮೈದಾನದಲ್ಲಿ ಆಡಿ, ಮೊದಲ ವರ್ಷದಲ್ಲಿಯೇ ಐ-ಲೀಗನ್ನು ಗೆದ್ದಾಗ, ನೀಲಿ ಅಂಗಿಯನ್ನು ತೊಟ್ಟು ಅಲ್ಲಿಯೂ ಕೂಗಿದರು. ಭಾವಮೈದುನರಾದರೋ ಸೋಲನ್ನು ನೋಡಲಾರದೆ ನಡುವರ್ಷದಲ್ಲಿಯೇ ಮೈದಾನಕ್ಕೆ ಹೋಗುವುದನ್ನು ಬಿಟ್ಟವರು. ಆಮೇಲೆ ಯಾವ ಸಂಘಕ್ಕೂ ಕೈತಟ್ಟಿದವರಲ್ಲ.

"ಮೆಟ್ಟಿಲನ್ನು ಹತ್ತದೆ ಮಾಳಿಗೆಯಲ್ಲಿ ಕಾಣಿಸಿಕೊಂಡ ಸಂಘ ಅದು. ನಮ್ಮವರು ಒಂದೊಂದೇ ಮೆಟ್ಟಿಲು ಹತ್ತಿದ್ದರು" ಎಂದು ಭಾವಮೈದುನರ ಆಕ್ಷೇಪ. ಹೊಸ ಸಂಘಕ್ಕೆ ನೇರವಾಗಿ ಮೇಲ್ದರ್ಜೆಯಲ್ಲಿಯೇ ಪ್ರವೇಶ ದೊರೆತದ್ದು ನಿಜ.

"ನಮ್ಮವರು ಹತ್ತಿದ್ದು ನಿಜ. ಬೀಳುವಾಗ ನೀನೆಲ್ಲಿದ್ದೆ?" ಎಂದು ಹಿರಿಯರು ಕೇಳಿದರು.

ಪ್ರಶ್ನೆ ಕಠಿನವಾಗಿಯೇ ಇದ್ದಿತು. ಭಾವಮೈದುನರು ಉತ್ತರ ಕೊಡದೆ ಅಡಕೆಯನ್ನು ಕತ್ತರಿಸುತ್ತ ಕುಳಿತರು. ಕೆಟ್ಟ ಕಾಲದಲ್ಲಿ ಪಕ್ಕದಲ್ಲಿ ಕುಳಿತವರದೇ ನಿಷ್ಠೆಯೆಂದು ನಮ್ಮ ಅಭಿಪ್ರಾಯ. ಆದರೂ, ರೋಗಿಯ ಕೋಣೆಗೆ ಕಾಲಿಡಲಾರದೆ ಹೊರಗೆ ನಿಂತು ಮರುಗುವ ಬಂಧುಗಳನ್ನು ನಾವು ನೋಡಿಲ್ಲವೆ? ಅವರು ಪ್ರೀತಿಯಿಲ್ಲದವರೆಂದು ಹೇಳುವ ಧೈರ್ಯ ನಮಗೆ ಬರಲಿಲ್ಲ.

ಮನೆಯ ಸೊಸೆ ಕಾಫಿಯನ್ನು ತಂದಿಟ್ಟು, ಇವರಿಬ್ಬರೂ ಒಟ್ಟಿಗೆ ಕುಳಿತು ಆಟ ನೋಡಿದ್ದು ಆಮೇಲೆ ಒಂದೇ ಸಲ ಎಂದಳು. 2023ರ ಮಾರ್ಚಿ 4ರಂದು ದೂರದ ರಿಯಾದಿನಲ್ಲಿ ಸಂತೋಷ್ ಟ್ರೋಫಿಯ ಅಂತಿಮ ಪಂದ್ಯ. ಕರ್ನಾಟಕವು ಮೇಘಾಲಯವನ್ನು 3-2ರಿಂದ ಸೋಲಿಸಿ, ಮೈಸೂರು ರಾಜ್ಯವೆಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ತರುವಾಯ 54 ವರ್ಷಗಳ ಮೇಲೆ ಅದನ್ನು ಪಡೆಯಿತು. ಮೊಮ್ಮಗನ ದೂರವಾಣಿಯ ಅಂಗೈಯಗಲದ ತೆರೆಗೆ ಇಬ್ಬರೂ ತಲೆಗೆ ತಲೆ ತಾಗಿಸಿ ಕುಳಿತಿದ್ದರಂತೆ.

"ಆ ದಿನವೂ ಜಗಳವಾಡಿದಿರಿ" ಎಂದಳು ಸೊಸೆ.

"ಜಗಳವಲ್ಲ" ಎಂದರು ಭಾವಮೈದುನರು. "ಎರಡನೆಯ ಗೋಲನ್ನು ನಮ್ಮವರು ತಡೆಯಬಹುದಾಗಿದ್ದಿತು."

"ಆಗುತ್ತಿರಲಿಲ್ಲ" ಎಂದರು ಹಿರಿಯರು.

ಕುಣಿಗಲಿನ ಬಸ್ಸು ಬರುವ ಹೊತ್ತಾಗಿದ್ದುದರಿಂದ ನಾವು ಎದ್ದೆವು. ಬೀದಿಯ ತಿರುವನ್ನು ಸೇರುವವರೆಗೂ ಆ ಗೋಲಿನ ವಿಚಾರ ನಮಗೆ ಕೇಳಿಸುತ್ತಿದ್ದಿತು.